ಮಠದ ಗಚ್ಚು, ಮೂವತ್ತು ತತ್ತಿ

ಸಂಜೆ ಕೊಳ್ಳಬೇಕಾದ ತತ್ತಿಯನ್ನು ಬೆಳಿಗ್ಗೆಯೇ ಕೊಂಡದ್ದು ಗೈಬುಸಾಬ ಮಾಡಿದ ಒಂದೇ ತಪ್ಪು. ಅವನ ಲೆಕ್ಕದಲ್ಲಿ ಅದು ತಪ್ಪೂ ಅಲ್ಲ, ಜಾಣತನ. ಮಗಳು ಫರಹತ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ದಿನಕ್ಕೆ ಎರಡು ತತ್ತಿ ಕೊಡಿ ಎಂದು ಡಾಕ್ಟರು ಹೇಳಿ ಮೂರು ದಿನವಾಗಿತ್ತು. ಮೂರು ದಿನವೂ ಗೈಬುಸಾಬ ಕೆಲಸ ಮುಗಿಸಿ ಮೈತುಂಬ ಸುಣ್ಣ ಮೆತ್ತಿಕೊಂಡು ಬರಿಗೈಯಲ್ಲೇ ಮನೆಗೆ ಬಂದಿದ್ದ.

"ಗಚ್ಚಿಗೆ ಏನೇನ ಹಾಕಬೇಕು ಅಂತ ನಿದ್ದಿಗಣ್ಣಾಗ ಕೇಳಿದ್ರೂ ಹೇಳ್ತೀರಿ. ಮಗಳಿಗೆ ಒಂದ ಟ್ರೇ ತತ್ತಿ ತರೂದು ನೆನಪಿರಂಗಿಲ್ಲ ನಿಮಗ," ಎಂದು ಹೆಂಡತಿ ರಹಿಮಾಬಿ ಮೂರನೆಯ ದಿನ ಊಟದ ತಾಟು ಕುಕ್ಕಿದಳು. ಆ ಸದ್ದಿಗೆ ತೊಟ್ಟಿಲ ಕೂಸು ಎದ್ದಿತು, ಕೂಸಿನ ಸದ್ದಿಗೆ ಓಣಿ ಎದ್ದಿತು.

ಹೀಗಾಗಿ ನಾಲ್ಕನೆಯ ದಿನ ಗೈಬುಸಾಬ, ಮರೆಯುವ ಮುಂಚೆಯೇ ಕೊಂಡುಬಿಡೋಣವೆಂದು, ದೇವರ ಹಿಪ್ಪರಗಿಯ ಬಸ್‌ಸ್ಟ್ಯಾಂಡಿನ ಎದುರು ಮೂವತ್ತು ತತ್ತಿಯ ಒಂದು ಟ್ರೇ ಕಟ್ಟಿಸಿಕೊಂಡ. ಮೊಪೆಡ್ಡಿನ ಹಿಂದೆ ಹಗ್ಗದಿಂದ ಬಿಗಿದು, ಎಂಟು ಕಿಲೋಮೀಟರು ಆಚೆಯ ಯರಗೂಳಿಯ ದಾರಿ ಹಿಡಿದ. ಮನೆಗೆ ಹಿಂತಿರುಗಿ ಇಟ್ಟು ಬರುವಷ್ಟು ಪುರಸೊತ್ತು ಇರಲಿಲ್ಲ. ಅಲ್ಲಿ ಅವನ ಗಚ್ಚು, ಅಂದರೆ ಅರೆದಿಟ್ಟ ಸುಣ್ಣದ ಗಾರೆ, ಕಾಯುತ್ತಿತ್ತು.

ಯರಗೂಳಿಯ ಮಠ ಮುನ್ನೂರು ವರ್ಷದ್ದು. ಅಜ್ಜಾರು, ಅಂದರೆ ಮಠದ ಸ್ವಾಮಿಗಳು, ತಲೆಮಾರುಗಳಿಂದ ಅದರಲ್ಲೇ ವಾಸ. ಅದರ ಮುಂಭಾಗದ ಸಿಂಗಾರ ನೂರು ವರ್ಷದ ಹಿಂದಿನದು: ಬಾಗಿಲ ಮೇಲೆ ಕಮಾನು, ಕಮಾನಿನ ಎರಡೂ ಕಡೆ ಗಿಣಿ, ಗಿಣಿಯ ಕೆಳಗೆ ಆನೆ, ಆನೆಯ ಸೊಂಡಿಲಲ್ಲಿ ಬಳ್ಳಿ, ಎಲ್ಲವೂ ಸುಣ್ಣದ ಗಚ್ಚಿನಲ್ಲಿ. ಅದನ್ನು ಮಾಡಿದವನು ಗೈಬುಸಾಬನ ಮುತ್ಯಾ, ಅಂದರೆ ಅವನ ಅಪ್ಪನ ಅಪ್ಪ, ದಿಲಾವರ. ಆದರೆ ಮಠಕ್ಕೆ ಕಮಿಟಿ ಎಂಬುದೊಂದು ಆದಮೇಲೆ ಆ ಗಿಣಿಗಳ ಗ್ರಹಚಾರ ಕೆಟ್ಟಿತು. ಬಂದ ಬಂದ ಅಧ್ಯಕ್ಷರೆಲ್ಲ ತಮ್ಮ ಕಾಲದ ಗುರುತಿಗೆ ಒಂದೊಂದು ಎಣ್ಣೆಬಣ್ಣ ಬಳಿಸಿದರು. ಹಸಿರು, ಗುಲಾಬಿ, ನೀಲಿ, ಮತ್ತೆ ಹಸಿರು. ಹನ್ನೊಂದು ಪದರ ಬಿದ್ದ ಮೇಲೆ ಗಿಣಿ ಯಾವುದು ಆನೆ ಯಾವುದು ತಿಳಿಯದಂತಾಯಿತು. ಇಬ್ಬರಂತೂ ಗಿಣಿಯನ್ನು ಗರುಡವೆಂದು ತಿಳಿದು ಕೈಮುಗಿಯುತ್ತಿದ್ದರು. ಹೋದ ಮಳೆಗಾಲ ಒಂದು ಆನೆಯ ಹಿಂಭಾಗ ಕಳಚಿ ಕೆಳಗೆ ಬಿದ್ದಾಗ ಎಲ್ಲರಿಗೂ ಒಮ್ಮೆಲೇ ಭಕ್ತಿ ಬಂತು.

ದುರಸ್ತಿಗೆ ಪುರಾತತ್ವ ಇಲಾಖೆಯವರು ಒಪ್ಪಿದರು, ಹಳೆಯ ಪದ್ಧತಿಯಲ್ಲೇ ಆಗಬೇಕು ಎಂಬ ಕರಾರಿನ ಮೇಲೆ. ಸುಣ್ಣದ ಗೌಂಡಿಗಾಗಿ ಹುಡುಕಾಟ ನಡೆಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲೂಕು ಜಾಲಾಡಿದರೂ ಸಿಮೆಂಟು ಕಲಸುವವರು ಸಾವಿರ ಸಿಕ್ಕರು, ಸುಣ್ಣ ಅರೆಯುವವನು ಸಿಕ್ಕಿದ್ದು ಒಬ್ಬನೇ. ಇಪ್ಪತ್ತು ವರ್ಷದಿಂದ ಯಾರೂ ಕರೆಯದೆ, ಸಿಮೆಂಟಿನ ಕಟ್ಟೆಗಳನ್ನು ಕಟ್ಟಿ ಬೇಸತ್ತಿದ್ದ ಗೈಬುಸಾಬ, ಮುತ್ಯಾನ ಬಾಗಿಲ ಮುಂದೆ ನಿಂತು ಕಣ್ಣಲ್ಲಿ ನೀರು ತಂದುಕೊಂಡ.

ಒಂದು ತಿಂಗಳು ಕೂತು ಹನ್ನೊಂದು ಬಣ್ಣ ಕೆರೆದ. ಹದಿನೈದು ದಿನ ಊರಿನ ರೈತ ಸೋಮನಿಂಗನ ಎತ್ತು ಕಟ್ಟಿಸಿ ಗಾಣದಲ್ಲಿ ಸುಣ್ಣ ಅರೆಸಿದ. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ, ಉದ್ದಿನಬೇಳೆ ನೆನೆಸಿದ ನೀರು, ಎಲ್ಲ ಹದವಾಗಿ ಬಿದ್ದು ಗಚ್ಚು ಬೆಣ್ಣೆಯಂತೆ ಬಂದಿತ್ತು. ಇವತ್ತು ಬಾಗಿಲ ಮೇಲಿನ ಕೊನೆಯ ನುಣುಪು ಕೈ. ಇವತ್ತೇ ಹಚ್ಚಬೇಕು, ನಾಳೆಗೆ ಗಚ್ಚು ಬಿಗಿದು ಕಲ್ಲಾಗುತ್ತದೆ. ಸಂಜೆ ಇಲಾಖೆಯ ಎಂಜಿನಿಯರ್ ವಿದ್ಯಾವತಿ ಮೇಡಮ್ಮು ಬಂದು ನೋಡಿ ಹೂಂ ಎಂದರೆ ಇಡೀ ಮುಂಭಾಗ ಅವನ ಕೈಗೆ. ಊಹೂಂ ಎಂದರೆ ಸಿಮೆಂಟಿನವರು ಸಿದ್ಧವಾಗಿಯೇ ಇದ್ದರು.

ಮಠದೊಳಗೆ ತತ್ತಿ ಒಯ್ಯಬಾರದು ಎಂಬುದನ್ನು ಗೈಬುಸಾಬನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೂರು ತಲೆಮಾರು ಆ ಮಠದ ಪ್ರಸಾದ ಉಂಡ ಮನೆತನ ಅವನದು. ಮೊಪೆಡ್ಡನ್ನು ಕಾಂಪೌಂಡಿನ ಹೊರಗೆ ಬೇವಿನ ಗಿಡದ ನೆರಳಿಗೆ ನಿಲ್ಲಿಸಿ, ಟ್ರೇ ಬಿಚ್ಚಿ ಕೆಳಗಿಟ್ಟ. ದಾರಿಯ ಹೊಂಡಕ್ಕೆ ಎರಡು ಒಡೆದಿದ್ದವು. ಅವನ್ನು ದಾರಿಯಲ್ಲೇ ಎಸೆದು ಬಂದಿದ್ದ. ಉಳಿದವಕ್ಕೆ ಬಿಸಿಲು ತಾಗದಿರಲೆಂದು ಒಂದು ಖಾಲಿ ಸುಣ್ಣದ ಚೀಲ ಹೊದಿಸಿ ಒಳಗೆ ಹೋದ. ಮುಚ್ಚಿಟ್ಟದ್ದೇ ಅವನಿಗೆ ಮುಳುವಾಯಿತು. ಬಯಲಿಗೆ ಇಟ್ಟಿದ್ದರೆ ತತ್ತಿ ತತ್ತಿಯಾಗಿಯೇ ಇರುತ್ತಿತ್ತು.

ಕಮಿಟಿಯ ಕಾರ್ಯದರ್ಶಿ ಸಿದ್ದರಾಯನಿಗೆ ಕಟ್ಟೆಯ ಮೇಲೆ ಹಾಸಿಕೊಳ್ಳಲು ಒಂದು ಚೀಲ ಬೇಕಾಗಿತ್ತು. ಮೊಬೈಲಿನಲ್ಲಿ ಎರಡು ವೀಡಿಯೊ ನೋಡಿದರೆ ಯಾವ ಕಸುಬಾದರೂ ಕೈಗೆ ಬರುತ್ತದೆ ಎಂದು ನಂಬಿದ ಆಸಾಮಿ ಅವನು. ಕೆಲಸ ಶುರುವಾದಂದಿನಿಂದ ಕೆಳಗೆ ಕೂತು ಗೈಬುಸಾಬನಿಗೆ ಗಚ್ಚು ಹಚ್ಚುವುದನ್ನು ಕಲಿಸುತ್ತಿದ್ದ. ಚೀಲ ಎತ್ತಿದವನೇ ಹಾವು ತುಳಿದವನಂತೆ ಹಿಂದಕ್ಕೆ ಹಾರಿದ.

"ಯಪ್ಪಾ! ಸುಣ್ಣದ ಚೀಲದ ಬುಡಕ ತತ್ತಿ! ಬರ್ರೆಪ್ಪೋ ಬರ್ರಿ!"

ಯರಗೂಳಿಯಲ್ಲಿ ಬೆಳಗಿನ ಒಂಬತ್ತಕ್ಕೆ ಕೆಲಸವಿಲ್ಲದವರು ಎಷ್ಟು ಜನ ಇದ್ದಾರೆ ಎಂಬುದು ಆಗ ಗೊತ್ತಾಯಿತು. ಎರಡು ನಿಮಿಷದಲ್ಲಿ ಬೇವಿನ ಗಿಡದ ಸುತ್ತ ನಾಲ್ವತ್ತು ಮಂದಿ ಸೇರಿದರು. ಬೇಳೆ ಮಿಲ್ಲಿನ ಮಾಲೀಕ, ಕಮಿಟಿ ಅಧ್ಯಕ್ಷ ಮಡಿವಾಳಪ್ಪ ಸಾವಕಾರ ಧೋತರದ ಚುಂಗು ಹಿಡಿದುಕೊಂಡು ಬಂದರು. ಸಿದ್ದರಾಯ ಆಗಲೇ ಮೊಬೈಲು ಎತ್ತಿ ಹಿಡಿದಿದ್ದ. ಅದರಲ್ಲಿ ಕನ್ನಡಕದ ಒಬ್ಬಾತ, ಹಿಂದಿನ ಕಾಲದ ಗಚ್ಚು ಹೊಳೆಯುತ್ತಿದ್ದದ್ದು ತತ್ತಿಯ ಲೋಳೆಯಿಂದ ಎಂದು ಹೇಳುತ್ತಿದ್ದ.

"ಕೇಳಿದ್ರೆಲ್ಲ? ನನ್ನ ಮಾತಲ್ಲ ಇದು, ತಿಳದವರ ಮಾತು. ಮಠದ ಗ್ವಾಡಿಗೆ ತತ್ತಿ ಹಚ್ಚಾಕತ್ತಾನ ಇಂವ!" ಎಂದ ಸಿದ್ದರಾಯ.

ಮಂದಿ ಒಳಗೆ ನುಗ್ಗಿತು. ಬಿದಿರಿನ ಅಟ್ಟದ ಮೇಲೆ ಕೂತು, ಬಲಗಡೆಯ ಗಿಣಿಯ ಕೊಕ್ಕಿಗೆ ಆಗಷ್ಟೇ ಕೈ ಹಚ್ಚಿದ್ದ ಗೈಬುಸಾಬ ಕೆಳಗೆ ನೋಡಿದ. 

"ಇಳಿ ಕೆಳಗ," ಎಂದರು ಮಡಿವಾಳಪ್ಪ. "ಕೈಯಾಗಿನ ಕರಣಿ ಅಲ್ಲೇ ಇಡು."

"ಯಾಕ್ರಿ ಸಾವಕಾರ್ರ? ಗಚ್ಚು ಆರತೈತಿ."

"ಆರಲಿ. ತತ್ತಿ ಯಾಕ ತಂದಿ?"

"ಮಗಳು ಬಾಣಂತಿ ಅದಾಳ್ರಿ. ತಿನ್ನಾಕ."

"ಹಿಪ್ಪರಗ್ಯಾಗ ಇರೂ ಮಗಳಿಗೆ ತತ್ತಿ ಯರಗೂಳಿಗೆ ಯಾಕ ತಂದಿ?" ಎಂದು ಸಿದ್ದರಾಯ ವಕೀಲನಂತೆ ಮುಂದೆ ಬಂದ.

ಈ ಪ್ರಶ್ನೆಗೆ ಗೈಬುಸಾಬನ ಬಳಿ ಇದ್ದದ್ದು ಖರೆಯ ಉತ್ತರ, ಅಂದರೆ ತನ್ನ ಮರೆವು ಮತ್ತು ರಹಿಮಾಬಿಯ ಬಾಯಿ. ಅದನ್ನು ಹೇಳಿದ. ಯಾರೂ ನಂಬಲಿಲ್ಲ. ಸಂಜೆ ಬೇಕಾದ ವಸ್ತುವನ್ನು ಬೆಳಿಗ್ಗೆಯೇ ಕೊಂಡ ಗಂಡಸನ್ನು ಯರಗೂಳಿ ಈವರೆಗೆ ಕಂಡಿರಲಿಲ್ಲ.

"ತಡೀರಿ, ಎಣಸೋಣು," ಎಂದು ಸಿದ್ದರಾಯ ಹೊರಗೆ ಓಡಿದ. ತತ್ತಿ ಮುಟ್ಟಿದರೆ ಮೈಲಿಗೆಯಾಗುತ್ತದೆಂದು ಕಡ್ಡಿಯಿಂದ ತೋರಿಸಿ ತೋರಿಸಿ ಎಣಿಸಿ ಬಂದ. "ಇಪ್ಪತ್ತೆಂಟು! ಟ್ರೇಕ ಮೂವತ್ತು. ಎರಡ ಎಲ್ಲಿ ಹೋದುವು?"

"ರಸ್ತಾದ ಹೊಂಡದಾಗ ಒಡದುವು."

"ಯಾವ ಹೊಂಡದಾಗ?"

"ಯಾವುದಂತ ಹೇಳ್ಲೊ ಮಾರಾಯಾ? ನಿಮ್ಮೂರ ದಾರಿ ಒಳಗ ಹೊಂಡ ಇಲ್ಲದ ಜಾಗಾ ಕೇಳು, ಗುರತ ಹಿಡದ ಹೇಳ್ತೇನಿ."

ಊರಿನ ರಸ್ತೆಗೆ ಅಂದದ್ದು ಊರಿಗೇ ಅಂದಂತಾಯಿತು. ಎರಡು ತತ್ತಿ ಗಚ್ಚಿಗೇ ಬಿದ್ದಿವೆ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಗಚ್ಚನ್ನೆಲ್ಲ ಬಾಚಿ ಹಳ್ಳಕ್ಕೆ ಚೆಲ್ಲಬೇಕೆಂದು ಒಬ್ಬ, ಮಠವನ್ನು ತೊಳೆದು ಶುದ್ಧ ಮಾಡಬೇಕೆಂದು ಇನ್ನೊಬ್ಬ, ಇವನನ್ನೇ ತೊಳೆಯಬೇಕೆಂದು ಮತ್ತೊಬ್ಬ ಹೇಳತೊಡಗಿದ.

ಗೈಬುಸಾಬನ ನೆತ್ತಿಗೆ ಸಿಟ್ಟು ಏರಿತು. ಅಟ್ಟದಿಂದ ಜಿಗಿದು ಇಳಿದ. ಅರವತ್ತೆರಡರ ಮೊಣಕಾಲು ಲಟಕ್ಕೆಂದರೂ ಲೆಕ್ಕಿಸಲಿಲ್ಲ. "ಈ ಬಾಗಲಾ ಮಾಡಿದಂವ ನಮ್ಮ ಮುತ್ಯಾ ದಿಲಾವರ. ಅಂವ ನಮ್ಮಪ್ಪಗ ಹೇಳಿದ್ದು, ನಮ್ಮಪ್ಪ ನನಗ ಹೇಳಿದ್ದು ಒಂದ ಮಾತು. ಮಠದ ಗಚ್ಚಿಗೆ ಬೆಲ್ಲ, ಅಳಲೆಕಾಯಿ, ಉದ್ದಿನ ಬ್ಯಾಳಿ. ಅರಮನಿಗೆ ತತ್ತಿ ಹಾಕೂ ಮಂದಿ ಹಾಕ್ಲಿ, ಮಠಕ್ಕ ನಾವು ಹಾಕಂಗಿಲ್ಲ. ಹದಿನೈದ ದಿನ ಇಲ್ಲೇ ಕುಂತ ಅರದೇನಿ, ನೀವೆಲ್ಲಾ ನೋಡೀರಿ. ಯಾರರೆ ಒಬ್ಬರು ತತ್ತಿ ಕಂಡೀರೇನು?"

"ಕಾಣಿಸಿ ಹಾಕ್ತಾರೇನು?" ಎಂದ ಸಿದ್ದರಾಯ.

ಹಾಗಾದರೆ ಗಚ್ಚನ್ನೇ ಪರೀಕ್ಷೆ ಮಾಡಿ ಎಂದ ಗೈಬುಸಾಬ. ಇದು ಎಲ್ಲರಿಗೂ ಸರಿಕಂಡಿತು. ಮೊದಲು ಮಠದ ನಾಯಿಯ ಮುಂದೆ ಒಂದು ಮುದ್ದೆ ಇಟ್ಟರು. ಅದು ಮೂಸಿ, ಸೀನಿ, ಬಾಲ ಮಡಚಿಕೊಂಡು ಹೋಯಿತು.

"ನೋಡ್ರಿ, ಒಲ್ಲೆ ಅಂತು! ಪ್ರಸಾದ ಉಂಡ ಬೆಳದ ನಾಯಿ, ಅದಕ್ಕ ಗೊತ್ತಾತು."

"ಸುಣ್ಣಾ ಯಾವ ನಾಯಿ ತಿಂತೈತೋ ಸಿದ್ದರಾಯಾ! ನಿನಗ ಕೊಟ್ರ ನೀ ತಿಂತೀಯೇನು?"

ನಾಯಿಯ ಸಾಕ್ಷಿ ಬಿದ್ದುಹೋಯಿತು. ಮನುಷ್ಯರೇ ಮೂಸಿ ನೋಡಬೇಕೆಂದಾಯಿತು. ಆಗ ಒಂದು ತೊಡಕು ಹುಟ್ಟಿತು. ಅಲ್ಲಿದ್ದ ಕಮಿಟಿಯವರಲ್ಲಿ ಹುಟ್ಟಿದಾರಭ್ಯ ತತ್ತಿ ಕಂಡವರು ಒಬ್ಬರೂ ಇರಲಿಲ್ಲ. ಹಾಗೆಂದು ಒಬ್ಬೊಬ್ಬರೂ ಪಕ್ಕದವರಿಗೆ ಕೇಳುವಂತೆ ಜೋರಾಗಿ ಹೇಳಿಕೊಂಡರು. ತತ್ತಿಯ ವಾಸನೆಯೇ ಗೊತ್ತಿಲ್ಲದವರು ತತ್ತಿಯನ್ನು ಹಿಡಿಯುವುದು ಹೇಗೆ? ಹಿಪ್ಪರಗಿ ಬಸ್‌ಸ್ಟ್ಯಾಂಡಿನ ಆಮ್ಲೆಟ್ ಗಾಡಿಯವನನ್ನು ಕರೆಸೋಣವೆಂದ ಗೈಬುಸಾಬ. ಹೊರಗಿನವರ ಸಾಕ್ಷಿ ಮಠದ ವಿಷಯದಲ್ಲಿ ನಡೆಯುವುದಿಲ್ಲ ಎಂದರು.

ಕೊನೆಗೆ ಅಧ್ಯಕ್ಷರೆಂದಮೇಲೆ ಹೊಣೆ ಹೊರಬೇಕಲ್ಲ ಎಂದು ಮಡಿವಾಳಪ್ಪ ಸಾವಕಾರರೇ ಮುಂದೆ ಬಂದರು. ಒಂದು ಚಿಟಿಕೆ ಗಚ್ಚು ತೆಗೆದು, ಕಣ್ಣುಮುಚ್ಚಿ, ದೀರ್ಘವಾಗಿ ಮೂಸಿದರು.

"ಬೆಲ್ಲ ಐತಿ," ಎಂದರು. "ಅಳಲೆಕಾಯಿ ಒಗರು ಐತಿ. ತತ್ತಿ ಇಲ್ಲ. ಬಿಲಕುಲ್ ಇಲ್ಲ. ತತ್ತಿ ಇದ್ದಿದ್ರ ಹಸಿ ವಾಸನಿ ಮೂಗಿಗೆ ಬಡೀತಿತ್ತು. ಅದಕ್ಕ ಒಂದೀಟ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಬಿದ್ದು ಎಣ್ಯಾಗ ಚುರ್ ಅಂದ್ರ ಮಾತ್ರ ಆ ವಾಸನಿ ಹೋಗಿ…"

ಅವರ ಮಾತು ಅಲ್ಲಿಗೆ ನಿಂತಿತು. ಕಣ್ಣು ತೆರೆದರೆ ಎದುರಿಗೆ ಅವರ ಮನೆಯವರು ಸಿದ್ದಲಿಂಗವ್ವ, ಪೂಜೆಯ ಹೂವಿನ ಬುಟ್ಟಿ ಹಿಡಿದು ನಿಂತಿದ್ದರು.

"ಮಾತ ಯಾಕ ನಿಂದ್ರಿಸಿದ್ರಿ? ಮುಂದ ಹೇಳ್ರಿ," ಎಂದರು ಸಿದ್ದಲಿಂಗವ್ವ ಬಹಳ ಮೆತ್ತಗೆ. "ಎಣ್ಯಾಗ ಚುರ್ ಅಂದ್ರ ಏನಾಕ್ಕೈತಿ?"

"ಹಂಗಂತ… ಮಂದಿ ಹೇಳ್ತಾರ."

"ವಾಸನಿ ಮಂದಿ ಬಾಯಿಂದ ಬರ್ತೈತೇನ್ರಿ? ತಿಂಗಳಿಗೆ ಎರಡ ಸರ್ತೆ ಬ್ಯಾಳಿ ವ್ಯಾಪಾರ ಅಂತ ಸೋಲಾಪುರಕ್ಕ ಹೋಗೂದು ಇದಕ್ಕೇನು?"

ಮಡಿವಾಳಪ್ಪನವರ ಮುಖ ಗಚ್ಚಿನಷ್ಟೇ ಬೆಳ್ಳಗಾಯಿತು. ನಾಲ್ವತ್ತು ಮಂದಿ ಆಕಾಶ ನೋಡುತ್ತ ನಿಂತರು. ಗೈಬುಸಾಬನಿಗೆ ಮಾತ್ರ ಹೋದ ಜೀವ ಬಂದಿತ್ತು. "ಕೇಳಿದ್ರೆಲ್ಲ, ಸಾವಕಾರ್ರ ಹೇಳ್ಯಾರ, ತತ್ತಿ ಇಲ್ಲಂತ! ಇನ್ನ ನಾ ಅಟ್ಟಾ ಹತ್ತತೇನಿ."

"ನಾ ಎಲ್ಲಿ ಹೇಳೇನಿ?" ಎಂದು ಸಾವಕಾರರು ಗುಡುಗಿದರು. "ನನಗ ತತ್ತಿ ವಾಸನಿ ಹೆಂಗ ಗೊತ್ತಿರಬೇಕು? ಇಲ್ಲಂತ ಹೇಳಾಕ ನಾ ಯಾರು? ಇದ್ರೂ ಇರಬಹುದು. ಇದ್ದ ಇರಬೇಕು!"

ಹೀಗೆ ಸಾವಕಾರರ ಮಾನ ಉಳಿಯಿತು, ಗೈಬುಸಾಬನದು ಹೋಯಿತು. ಇದ್ದ ಒಬ್ಬನೇ ಬಲ್ಲವನು ತಾನು ಬಲ್ಲೆನೆಂದು ಒಪ್ಪುವಂತಿರಲಿಲ್ಲ. ಇಬ್ಬರು ಬುಟ್ಟಿ ಹಿಡಿದು ಗಚ್ಚು ಬಾಚಲು ಬಗ್ಗಿಯೂ ಆಗಿತ್ತು. ಗೈಬುಸಾಬ ಗಚ್ಚಿನ ಗುಡ್ಡೆಗೆ ಅಡ್ಡ ಬಿದ್ದು ಕೂತ. "ನನ್ನ ಮ್ಯಾಲೆ ಹಾದು ಬಾಚ್ರಿ ಹಂಗಾರ," ಎಂದ.

ಗದ್ದಲ ಕೇಳಿ ಅಜ್ಜಾರು ಹೊರಗೆ ಬಂದರು. ಎಂಬತ್ತು ದಾಟಿದ ಜೀವ. ಎಲ್ಲರೂ ಒಂದೇ ಉಸಿರಿಗೆ ಒದರಿದ್ದನ್ನು ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಮಾತು.

"ಗೈಬು, ಹಾಕೀಯೇನು?"

"ಇಲ್ರಿ ಅಜ್ಜಾರ."

"ಮತ್ತೇನ ಬಡದಾಡತೀರೆಪ್ಪಾ? ಹಚ್ಚಲಿ ಬಿಡ್ರಿ."

ಕಮಿಟಿಗೆ ಅಷ್ಟು ಸಲೀಸಾಗಿ ಮುಗಿಯುವುದು ಹಿಡಿಸಲಿಲ್ಲ. ಆಣೆ ಮಾಡಲಿ ಎಂದರು. ಗೈಬುಸಾಬ ಹೊಸ್ತಿಲ ಮುಂದೆ ನಿಂತು, ಕರಣಿಯನ್ನು ಎದೆಗೆ ಒತ್ತಿಕೊಂಡು, ಮುತ್ಯಾ ದಿಲಾವರನ ಹೆಸರಿನ ಮೇಲೆ ಆಣೆ ಮಾಡಿದ. "ಈ ಮಠದ ಗಚ್ಚಿಗೆ ನಮ್ಮ ಮುತ್ಯಾ ತತ್ತಿ ಮುಟ್ಟಿಸಿಲ್ಲ, ನಾನೂ ಮುಟ್ಟಿಸಿಲ್ಲ. ಮುಟ್ಟಿಸಿದ್ರ ಈ ಕೈ ಸೇದಿಹೋಗ್ಲಿ." ಇಡೀ ಜನ್ಮದಲ್ಲಿ ಅವನು ಮಾಡಿದ ಮೊದಲ ಆಣೆ ಅದು. ತನ್ನ ಮಾತಿಗೆ ಆಣೆಯ ಊರುಗೋಲು ಬೇಕಾಯಿತಲ್ಲ ಎಂದು ಅವನಿಗೆ ಅವಮಾನವಾಯಿತು.

ಗಚ್ಚು ಉಳಿಯಿತು, ತತ್ತಿ ಉಳಿಯಲಿಲ್ಲ. ಟ್ರೇ ಊರ ಸೀಮೆ ದಾಟಬೇಕೆಂದು ತೀರ್ಮಾನವಾಯಿತು. ಅದನ್ನು ಹೊರುವ ಪಾಪದ ಕೆಲಸಕ್ಕೆ ಸಿದ್ದರಾಯನೇ ಮುಂದಾದ, ಕಮಿಟಿಯ ಇನ್ನಿಬ್ಬರು ಕಾವಲಿಗೆಂದು ಜೊತೆಗೆ ಹೋದರು. ಹಳ್ಳದ ಆಚೆ ಜಾಲಿಗಿಡದ ಬುಡಕ್ಕೆ ಇಟ್ಟಿರುತ್ತೇವೆ, ಸಂಜೆ ಹೋಗುವಾಗ ಎತ್ತಿಕೊಂಡು ಹೋಗು ಎಂದರು. ಒಂದು ಟ್ರೇ ಇಟ್ಟುಬರಲು ಅವರಿಗೆ ಒಂದೂವರೆ ತಾಸು ಹಿಡಿಯಿತು.

ಗೈಬುಸಾಬ ಅಟ್ಟ ಹತ್ತಿದ. ಹೋದ ಎರಡು ತಾಸನ್ನು ಎರಡು ಕೈಯಿಂದ ಹಿಂದಕ್ಕೆ ಎಳೆಯುವವನಂತೆ ದುಡಿದ. ಊಟಕ್ಕೂ ಇಳಿಯಲಿಲ್ಲ. ಕೊಕ್ಕು ಮೂಡಿತು, ರೆಕ್ಕೆಯ ಗರಿ ಒಂದೊಂದಾಗಿ ಮೂಡಿತು, ಬಿದ್ದುಹೋಗಿದ್ದ ಆನೆಗೆ ಹಿಂಭಾಗ ಬಂತು. ಒದ್ದೆ ಗಚ್ಚನ್ನು ನುಣುಪು ಕಲ್ಲಿನಿಂದ ತಿಕ್ಕಿ ತಿಕ್ಕಿ, ಮೂರು ಗಂಟೆಯ ಹೊತ್ತಿಗೆ ಕಮಾನು ಹಾಲಿನ ಕೆನೆಯಂತೆ ಹೊಳೆಯಿತು. ಬೆಳಿಗ್ಗೆ ಅವನನ್ನು ತೊಳೆಯಬೇಕೆಂದವನೇ ಬಾಯಿ ತೆರೆದು ನಿಂತು, "ಏನ ಕೈಯಪ್ಪಾ ಗೈಬಣ್ಣಾ!" ಎಂದ. ಗೈಬುಸಾಬ ಮನಸ್ಸಿನೊಳಗೆ, ನೋಡು ಮುತ್ಯಾ, ಎಂದುಕೊಂಡ.

ಮೇಡಮ್ಮು ಬರುವುದರೊಳಗೆ ತತ್ತಿ ತಂದು ಮೊಪೆಡ್ಡಿಗೆ ಕಟ್ಟಿಕೊಳ್ಳೋಣವೆಂದು ಹಳ್ಳದ ಆಚೆ ಹೋದ. ಜಾಲಿಗಿಡದ ಬುಡದಲ್ಲಿ ಟ್ರೇ ಇತ್ತು, ಖಾಲಿ. ಪಕ್ಕದಲ್ಲಿ ಇಪ್ಪತ್ತೆಂಟು ತತ್ತಿಯ ಸಿಪ್ಪೆ ಒಪ್ಪವಾಗಿ ಗುಡ್ಡೆಯಾಗಿತ್ತು. ಕಾಗೆ ತಿಂದಿರಬೇಕು ಎಂದು ಸಿದ್ದರಾಯ ಆಮೇಲೆ ಹೇಳಿದ. ಆದರೆ ಅಲ್ಲಿ ಮೂರು ಕಲ್ಲಿನ ಒಲೆ ಇನ್ನೂ ಬೆಚ್ಚಗಿತ್ತು, ಹಸಿಮೆಣಸಿನಕಾಯಿಯ ತೊಟ್ಟುಗಳಿದ್ದವು, ಉಳ್ಳಾಗಡ್ಡಿಯ ಸಿಪ್ಪೆ ಗಾಳಿಗೆ ಹಾರಾಡುತ್ತಿತ್ತು. ಕಾಗೆಗೆ ಉಳ್ಳಾಗಡ್ಡಿ ಹೆಚ್ಚಲು ಬರುವುದಿಲ್ಲ ಎಂಬುದು ಗೈಬುಸಾಬನಿಗೆ ಗೊತ್ತಿತ್ತು. ಬಾಣಂತಿಯ ತತ್ತಿ ತಿಂದ ಬಾಯಿಗಳೇ ತನ್ನಿಂದ ಆಣೆ ಮಾಡಿಸಿದವಲ್ಲ ಎಂದು ಹಲ್ಲು ಕಡಿದ. ಜಗಳ ತೆಗೆಯೋಣವೆಂದರೆ ಮೇಡಮ್ಮಿನ ಜೀಪು ಆಗಲೇ ಊರೊಳಗೆ ಹೋಗುತ್ತಿತ್ತು. ನುಂಗಿಕೊಂಡು ಹಿಂದಿನಿಂದ ಓಡಿದ.

ವಿದ್ಯಾವತಿ ಮೇಡಮ್ಮು ಬಾಗಿಲ ಮುಂದೆ ನಿಂತು ತಲೆ ಎತ್ತಿ ನೋಡಿದರು. ಬಹಳ ಹೊತ್ತು ನೋಡಿದರು. ಫೋಟೊ ತೆಗೆದರು. ಅಟ್ಟ ಹತ್ತಿ ಗಿಣಿಯ ಬೆನ್ನಿನ ಮೇಲೆ ಬೆರಳು ಆಡಿಸಿದರು.

"ಬಾಳ ಛಲೋ ಆಗೇತ್ರಿ ಗೈಬುಸಾಬ. ಇಂಥಾ ಕೈ ನಾ ನೋಡಿಲ್ಲ. ಇದಕ್ಕ ಏನೇನ ಹಾಕೀರಿ?"

ಗೈಬುಸಾಬ ಎದೆಯುಬ್ಬಿಸಿ ಹೇಳಿದ. ಸುಣ್ಣ, ಉಸುಕು, ಬೆಲ್ಲ, ಅಳಲೆಕಾಯಿ, ಉದ್ದಿನ ಬೇಳೆ. 

"ಮತ್ತ?"

"ಮತ್ತೇನಿಲ್ರಿ ಬಾಯಾರ. ಬೇಕಾದ್ರ ಇಡೀ ಊರ ಕೇಳ್ರಿ. ಇವತ್ತ ಊರಿಗೂರ ಸಾಕ್ಷಿ ಐತಿ."

ಮೇಡಮ್ಮು ಬ್ಯಾಗಿನಿಂದ ಒಂದು ಕಾಗದ ತೆಗೆದರು. ಅವರ ಮುಖ ಸಣ್ಣದಾಗಿತ್ತು. "ಬಣ್ಣ ಕೆರದಾಗ ಹಳೇ ಗಚ್ಚಿನ ತುಂಡು ಪರೀಕ್ಷಾಕ್ಕ ಕಳಿಸಿದ್ವಿ ನೋಡ್ರಿ, ಅದರ ರಿಪೋರ್ಟ್ ಇವತ್ತ ಮುಂಜಾನೆ ಬಂತು. ನೀವು ಹೇಳಿದ್ದೆಲ್ಲಾ ಐತಿ. ಅದರ ಮ್ಯಾಲೆ ತತ್ತಿ ಲೋಳಿನೂ ಐತಿ. ಭಾಳ ಐತಿ. ಹಳೇದರಾಗ ಏನ ಇತ್ತೋ ಹೊಸದರಾಗೂ ಅದ ಇರಬೇಕು ಅಂತ ಕರಾರಿನ್ಯಾಗ ಐತಿ. ನಾ ಏನ ಮಾಡ್ಲಿ? ತತ್ತಿ ಇಲ್ಲಂದ್ರ ಇದು ಮಂಜೂರಾಗಂಗಿಲ್ಲ. ಕೆರದು, ಮತ್ತ ಹಚ್ಚಬೇಕು. ಹದಿನೈದ ದಿನ ಬಿಟ್ಟ ಬರ್ತೇನಿ."

ಗೈಬುಸಾಬ ತಲೆ ಎತ್ತಿ ಗಿಣಿಯನ್ನು ನೋಡಿದ. ಮುತ್ಯಾ ತತ್ತಿ ಹಾಕಿದ್ದನೇ? ಅವನ ಹೆಸರಿನ ಮೇಲೆ ಬೆಳಿಗ್ಗೆ ತಾನು ಮಾಡಿದ ಆಣೆಯ ಗತಿ ಏನು?

ಮೊದಲು ಮುಂದೆ ಬಂದವನು ಸಿದ್ದರಾಯ. "ನಾ ಮುಂಜಾನೆನ ಹೇಳಿದ್ದೆ!" ಎಂದು ಮೊಬೈಲು ಎತ್ತಿದ. "ತತ್ತಿ ಹಾಕಬೇಕು ಅಂತ ವೀಡಿಯೊ ಸೈತ ತೋರಿಸಿದ್ದೆ. ಕೇಳಿದ್ನೇನ ಇಂವ? ಹಾಕಂಗಿಲ್ಲ ಅಂತ ಹಟಾ ಹಿಡದ ಆಣಿ ಮಾಡಿದ!"

"ಕಸುಬಿನ ಮ್ಯಾಲೆ ಭಯಾ ಭಕ್ತಿ ಇಲ್ಲ ಈಗಿನ ಮಂದಿಗೆ," ಎಂದರು ಮಡಿವಾಳಪ್ಪ. "ಮುತ್ಯಾ ಎಷ್ಟ ಚಂದ ಮಾಡಿದ್ದ. ಅವನ ಕೆಲಸ ಕೆಡಿಸಿದ್ಯಲ್ಲೋ!"

"ತತ್ತಿ ಕೈಯಾಗ ಇಟಗೊಂಡೂ ಹಾಕಲಿಲ್ಲ ನೋಡ್ರಿ," ಎಂದ ಇನ್ನೊಬ್ಬ, ಜಾಲಿಗಿಡದ ಕಾವಲಿಗೆ ಹೋಗಿದ್ದವನು. "ಮಠದ ಗ್ವಾಡಿಗಿಂತ ತನ್ನ ಹೊಟ್ಟಿ ಹೆಚ್ಚಾತು."

ಗೈಬುಸಾಬ ಖಾಲಿ ಟ್ರೇಯ ಸುದ್ದಿ ಎತ್ತಬೇಕೆನ್ನುವಷ್ಟರಲ್ಲಿ ಮೇಡಮ್ಮು ಜೀಪು ಹತ್ತಿದರು.

ಜೀಪು ಹೋಯಿತು. ಕಮಿಟಿ ಕಟ್ಟೆಯ ಮೇಲೆ ಕೂತಿತು. ಠರಾವಿನ ಪುಸ್ತಕ ಬಂತು. ಮೊದಲನೆಯ ಠರಾವು: ಈಗಿನ ಗಚ್ಚನ್ನು ಕೆರೆದು, ವರದಿಯ ಪ್ರಕಾರ ತತ್ತಿ ಹಾಕಿ ಹೊಸ ಗಚ್ಚು ಅರೆದು, ಗೈಬುಸಾಬ ಹದಿನೈದು ದಿನದಲ್ಲಿ ಮುಗಿಸತಕ್ಕದ್ದು. ಸರ್ವಾನುಮತ.

"ಆಣಿ ಮಾಡಿಸೀರೆಲ್ಲ ನನ್ನ ಕಡಿಂದ?" ಎಂದು ಗೈಬುಸಾಬ ಕೂಗಿದ. "ಮುಟ್ಟಿಸಿದ್ರ ಕೈ ಸೇದಿಹೋಗ್ಲಿ ಅಂತ ಇದ ಹೊಸ್ತಿಲದಾಗ ಹೇಳೇನಿ!"

"ಅದು ಇವತ್ತಿನ ಗಚ್ಚಿನ ಮ್ಯಾಲೆ ಮಾಡಿದ ಆಣಿ," ಎಂದರು ಮಡಿವಾಳಪ್ಪ ಸಮಾಧಾನದಿಂದ. "ಹೊಸ ಗಚ್ಚಿಗೆ ಅದು ಹತ್ತಂಗಿಲ್ಲ."

"ತತ್ತಿ ಯಾರ ತರಬೇಕು?"

"ನೀನ ತರಬೇಕು. ಗೌಂಡಿ ಯಾರು, ನಾವೇನು?"

"ಮಠದೊಳಗ ಹೆಂಗ ತರ್ಲಿ?"

ಕಮಿಟಿಯವರು ಕಂಬದ ಕಡೆ ಕಣ್ಣು ಹಾಯಿಸಿದರು. ಹೂವಿನ ಬುಟ್ಟಿಯ ಸಿದ್ದಲಿಂಗವ್ವ ಇನ್ನೂ ಕಂಬಕ್ಕೆ ಒರಗಿ ನಿಂತಿದ್ದರು, ಅವರ ಹಿಂದೆ ಊರಿನ ಹೆಣ್ಣುಮಕ್ಕಳೆಲ್ಲ ಇದ್ದರು. ಮಡಿವಾಳಪ್ಪ ದನಿ ತಗ್ಗಿಸಿದರು. "ಹೆಂಗರೆ ತಾ. ನಾವು ನೋಡಿಲ್ಲ. ನಾವು ನೋಡಿದ್ರ ಮಾತ್ರ ಬಿಡಂಗಿಲ್ಲ." ಆಮೇಲೆ ಹೆಂಡತಿಗೆ ಕೇಳುವಂತೆ ದನಿ ಏರಿಸಿ ಎರಡನೆಯ ಠರಾವು ಬರೆಸಿದರು: ಮಠದ ಪಾವಿತ್ರ್ಯ ಕಾಯುವ ಸಲುವಾಗಿ, ಒಂದೇ ಒಂದು ತತ್ತಿಯೂ ಒಳಗೆ ಬಾರದಂತೆ, ಕಾರ್ಯದರ್ಶಿ ಸಿದ್ದರಾಯ ದಿನಾಲು ಬಾಗಿಲಲ್ಲಿ ನಿಂತು ಗೈಬುಸಾಬನ ಚೀಲ, ಡಬ್ಬಿ ಮತ್ತು ಕಿಸೆ ತಪಾಸಣೆ ಮಾಡತಕ್ಕದ್ದು. ಅದೂ ಸರ್ವಾನುಮತ. ಎರಡು ಠರಾವೂ ಒಂದೇ ಹಾಳೆಯ ಮೇಲೆ, ಒಂದರ ಕೆಳಗೆ ಒಂದು, ಅವೇ ಐದು ಸಹಿಗಳೊಂದಿಗೆ ಕೂತವು.

ಗೈಬುಸಾಬ ಅಜ್ಜಾರ ಕೋಣೆಯ ಕಡೆ ನಡೆದ. ಅಜ್ಜಾರು ಮೌನಕ್ಕೆ ಕೂತಾರ, ಹದಿನೈದು ದಿನ ಮಾತಾಡಂಗಿಲ್ಲ ಎಂದು ಬಾಗಿಲಲ್ಲಿದ್ದವನು ಹೇಳಿದ. ರಿಪೋರ್ಟಿನ ಸುದ್ದಿ ಒಳಗೆ ಮುಟ್ಟಿದ ಐದು ನಿಮಿಷಕ್ಕೆ ಅವರಿಗೆ ಮೌನ ಬಂದಿತ್ತಂತೆ.

ಅಂಗಳದ ನಡುವೆ ನಿಂತವನಿಗೆ ಮುತ್ಯಾನ ಮೇಲೆ ಬಂದಿದ್ದ ಸಿಟ್ಟು ಥಟ್ಟನೆ ಇಳಿಯಿತು. ಮುತ್ಯಾ ಸುಳ್ಳುಗಾರನಲ್ಲ. ನೂರು ವರ್ಷದ ಹಿಂದೆಯೂ ಈ ಕಟ್ಟೆಯ ಮೇಲೆ ಕಮಿಟಿಯಂಥದೇ ಒಂದು ಗುಂಪು ಕೂತಿರಬೇಕು. ಹಾಕು, ಆದರೆ ಹಾಕಿಲ್ಲ ಅನ್ನು ಎಂದು ಅವನಿಗೂ ಹೇಳಿರಬೇಕು. ಪಾಪ, ಆ ಮನುಷ್ಯ ಸಾಯುವ ತನಕ ಅವರ ಮಾತು ನಡೆಸಿ, ಮಗನಿಗೂ ಮೊಮ್ಮಗನಿಗೂ ಅದನ್ನೇ ಉಳಿಸಿಹೋದ. ಯಾರ ಮಾನ ಕಾಯಲು ಯಾರು ಸುಳ್ಳಾಡಬೇಕು! ಗೈಬುಸಾಬನಿಗೆ ಅಳಬೇಕೋ ಯಾರಿಗಾದರೂ ಕರಣಿ ಎಸೆಯಬೇಕೋ ತಿಳಿಯಲಿಲ್ಲ.

ಎರಡನ್ನೂ ಮಾಡದೆ ಅಟ್ಟ ಹತ್ತಿದ. ಗಚ್ಚು ಪೂರ್ತಿ ಬಿಗಿಯುವ ಮೊದಲೇ ಕೆರೆಯಬೇಕು, ತಡವಾದರೆ ಕೆಳಗಿನ ಮುತ್ಯಾನ ಕೆಲಸಕ್ಕೂ ಪೆಟ್ಟು. ಹಾಲಿನಂತೆ ಹೊಳೆಯುತ್ತಿದ್ದ ಗಿಣಿಯ ಬೆನ್ನಿಗೆ ಕರಣಿಯ ಅಂಚು ಇಟ್ಟ.

ಕೆಳಗಿನಿಂದ ಸಿದ್ದರಾಯ ಮೊಬೈಲು ನೋಡುತ್ತಲೇ ಕೂಗಿದ: "ಗೈಬಣ್ಣಾ, ಒಂದ ಟ್ರೇ ಸಾಲಂಗಿಲ್ಲಂತ. ಕಡಿಮಿ ಅಂದ್ರ ಮುನ್ನೂರ ತತ್ತಿ ಬೇಕ ಅಂತ ಇದರಾಗ ಹೇಳಾಕತ್ತಾನ, ಬರಕೋ. ಆದ್ರ ನಾಳಿಂದ ಬಾಗಲದಾಗ ನಾ ಇರ್ತೇನಿ ಮತ್ತ. ಒಂದ ತತ್ತಿ ಒಳಗ ಬಿಡಂಗಿಲ್ಲ, ಈಗ ಹೇಳೇನಿ ನೋಡು!"

ಗೈಬುಸಾಬ ಕೆರೆಯತೊಡಗಿದ.